ಆ ದಿನ ಸ್ಯಾಂಪಲ್ ಇರಲಿಲ್ಲ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕೂ ಊರುಗಳ ಶೌಚಾಲಯಗಳು ನನ್ನ ಅಕ್ಕನಿಗೆ ಗೊತ್ತಿದ್ದವು. ಎಲ್ಲಿ ಚಿಲಕ ಸರಿಯಾಗಿದೆ, ಎಲ್ಲಿ ಬಾಗಿಲಿಗೆ ಬಕೆಟ್ ಒತ್ತಿಡಬೇಕು, ಯಾವ ಹೋಟೆಲಿನವನು ಕಾಫಿ ಕುಡಿಯದಿದ್ದರೂ ಒಳಗೆ ಬಿಡುತ್ತಾನೆ, ಎಲ್ಲವೂ. ಯಲ್ದೂರಿನಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳ ಮನೆ ಗೊತ್ತು ಮಾಡಿಕೊಂಡಿದ್ದಳು. ಅದೇ ಕಾರಣಕ್ಕೆ ಅಲ್ಲಿ ವರ್ಷಕ್ಕೆ ನಾಲ್ಕೈದು ರವಿಕೆ ಹೊಲಿಸುತ್ತಿದ್ದಳು. ಕುರುಡುಮಲೆಗೆ ಹೋದರೂ ಅವಳು ಮೊದಲು ವಿಚಾರಿಸುತ್ತಿದ್ದದ್ದು ಗಣಪತಿಯನ್ನಲ್ಲ.

ಮೊದಲ ಸಲ ರಕ್ತ ಕಂಡಾಗ ಮನೆಯವರು ಮೂಲವ್ಯಾಧಿ ಅಂದರು. ಆಮೇಲೆ ಉಷ್ಣ ಅಂದರು. ಮಜ್ಜಿಗೆ, ಮೆಂತ್ಯದ ನೀರು, ದಾಳಿಂಬೆ ಸಿಪ್ಪೆಯ ಕಷಾಯ ಎಲ್ಲ ಆದವು. ಕೊನೆಗೆ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರು ಅಲ್ಸರೇಟಿವ್ ಕೊಲೈಟಿಸ್ ಅಂದರು. ದೊಡ್ಡ ಕರುಳಿನ ಒಳಗೋಡೆಯಲ್ಲಿ ಹುಣ್ಣು. ಊಟದ ತಪ್ಪಲ್ಲ, ಸೋಂಕಲ್ಲ, ದೇಹದ ರೋಗನಿರೋಧಕ ಶಕ್ತಿಯೇ ಸ್ವಂತ ಕರುಳಿನ ಮೇಲೆ ತಿರುಗಿಬಿದ್ದಿದೆ ಎಂದು ವಿವರಿಸಿದರು.

ಅಕ್ಕನ ಅತ್ತೆ ಇದನ್ನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. "ಎಲ್ಲರ ಮನೇಲೂ ಶಕ್ತಿ ಸಾಲದು ಅಂತ ಟಾನಿಕ್ ಕುಡೀತಾರೆ. ನಮ್ ಸೊಸೇಗೆ ಶಕ್ತಿ ಜಾಸ್ತಿ ಆಗಿದ್ಯಂತೆ." ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಆ ಡಾಕ್ಟರ ಮೂಲಕವೇ ಬೆಂಗಳೂರಿನ ಸಂಶೋಧಕಿಯೊಬ್ಬರ ಪರಿಚಯವಾಯಿತು. ವೈದ್ಯರಾಗಿದ್ದು ಸಂಶೋಧನೆಗೆ ಹೋದವರು. ಅವರಿಗೆ ಒಂದೇ ಮನೆಯಲ್ಲಿ ಬೆಳೆದ, ಒಬ್ಬರಿಗೆ ಈ ಕಾಯಿಲೆ ಇದ್ದು ಇನ್ನೊಬ್ಬರಿಗೆ ಇಲ್ಲದ ಒಡಹುಟ್ಟಿದವರು ಬೇಕಾಗಿತ್ತು. ನಾವಿಬ್ಬರೂ ವಕ್ಕಲೇರಿಯ ಹತ್ತಿರ ಒಂದೇ ಬಾವಿಯ ನೀರು ಕುಡಿದು, ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ಬೆಳೆದವರು. ಅವಳ ಕರುಳಿನ ಮೇಲೆ ನಡೆಯುತ್ತಿರುವ ದಾಳಿ ನನ್ನ ಕರುಳಿನ ಮೇಲೆ ಏಕೆ ನಡೆದಿಲ್ಲ ಎಂಬುದು ಅವರ ಪ್ರಶ್ನೆ. ನಾನು ಕೋಲಾರದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ನನ್ನಲ್ಲಿ ಸಂಶೋಧನೆ ಮಾಡುವಂಥದ್ದು ಏನೋ ಇದೆ ಎಂದು ಹೇಳಿದ ಮೊದಲ ವ್ಯಕ್ತಿ ಅವರು.

ಆಗಾಗ ಇಬ್ಬರ ರಕ್ತ, ಇಬ್ಬರ ಮಲ, ಒಂದೇ ದಿನದ್ದು ಬೇಕು. ರಕ್ತವನ್ನು ಅವರ ಕಡೆಯವರೇ ಬಂದು ತೆಗೆದುಕೊಳ್ಳುತ್ತಿದ್ದರು. ಉಳಿದದ್ದನ್ನು ಸಣ್ಣ ಡಬ್ಬಿಗಳಲ್ಲಿ ಹಾಕಿ, ಐಸ್ ಇಟ್ಟ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಕೋಲಾರಕ್ಕೆ ತಲುಪಿಸುವ ಕೆಲಸ ನನ್ನದು. "ಸ್ಯಾಂಪಲ್ ಸಿಗದೇ ಇದ್ರೆ ದಯವಿಟ್ಟು ಒಂದು ಫೋನ್ ಮಾಡಿ. ನಮ್ ಹುಡುಗ ಬೆಂಗಳೂರಿಂದ ಸುಮ್ನೆ ಬರೋದು ತಪ್ಪುತ್ತೆ" ಎಂದು ಸಂಶೋಧಕಿ ಹೇಳಿದ್ದರು.

ಅಕ್ಕ ಅವರ ಸಂಶೋಧನೆಯನ್ನು ನನಗಿಂತ ಬೇಗ ಅರ್ಥಮಾಡಿಕೊಂಡಳು. ಅವಳ ಗಂಡನ ಮನೆಯವರು ಶ್ರೀನಿವಾಸಪುರದಿಂದಾಚೆ ಮಾವಿನ ತೋಟದವರು. ಒಂದು ವರ್ಷ ತೋಟವನ್ನು ಫಸಲಿಗೆ ಗುತ್ತಿಗೆ ಕೊಟ್ಟಿದ್ದರು. ಗುತ್ತಿಗೆದಾರ ಇಟ್ಟ ಕಾವಲುಗಾರ ಹೊರ ಊರಿನವನು. ಅಕ್ಕನ ಮಾವ ತಮ್ಮದೇ ತೋಟಕ್ಕೆ ಹೋದಾಗ ಅವನು ಕಳ್ಳನೆಂದುಕೊಂಡು ನಾಯಿ ಬಿಟ್ಟ. ಮಾವ ಪಂಚೆ ಬಿಟ್ಟು ಬಂದರು.

"ಅದೇ ಕಣೋ ನನ್ ಕಾಯ್ಲೆ" ಅಂದಳು ಅಕ್ಕ. "ನಾಯಿ ತಪ್ಪೇನೂ ಇಲ್ಲ. ಮನೆಯೋರು ಯಾರು ಅಂತ ಅದಕ್ಕೆ ಗೊತ್ತಿಲ್ಲ ಅಷ್ಟೆ."

ಸಂಶೋಧಕಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. ದೇಹದಲ್ಲಿ ನಾಯಿಯನ್ನು ವಾಪಸ್ಸು ಕರೆಯುವ ಜೀವಕೋಶಗಳೂ ಇರುತ್ತವೆ, ಅಕ್ಕನಲ್ಲಿ ಕರೆಯುವವರೇ ಕಡಿಮೆಯೋ, ಕರೆದರೂ ನಾಯಿ ಕೇಳುತ್ತಿಲ್ಲವೋ ಎಂಬುದನ್ನೇ ತಾವು ಹುಡುಕುತ್ತಿರುವುದು ಅಂದರು.

ಆ ವರ್ಷ ಅಕ್ಕನ ಹೊಸ ಮನೆಯ ಗೃಹಪ್ರವೇಶ. ಆಷಾಢಕ್ಕೆ ಮೊದಲೇ ಮುಗಿಸಬೇಕೆಂದು ಮಾವಿನ ಸುಗ್ಗಿಯ ನಡುವೆಯೇ ಇಟ್ಟುಕೊಂಡರು. ಗೃಹಪ್ರವೇಶದಲ್ಲಿ ಗಂಡಹೆಂಡತಿ ಹೋಮಕ್ಕೆ ಕೂತರೆ ಪುರೋಹಿತರು ಏಳಿ ಅನ್ನುವವರೆಗೂ ಏಳುವಂತಿಲ್ಲ. ಸೆರಗಿಗೂ ಶಲ್ಯಕ್ಕೂ ಗಂಟು ಬೇರೆ ಹಾಕಿರುತ್ತಾರೆ. ಅವಳು ಎದ್ದು ಓಡಿದರೆ ಭಾವನೂ ಜೊತೆಗೆ ಓಡಬೇಕು. ಅದಕ್ಕೆ ಹಿಂದಿನ ವಾರವಷ್ಟೇ ಅವಳ ಕಾಯಿಲೆ ಕೆರಳಿತ್ತು. ವಾಸ್ತು ನೋಡಿದವರು ಶೌಚಾಲಯವನ್ನು ಮನೆಯ ಹಿಂಭಾಗದ ತುದಿಗೆ ಹಾಕಿಸಿದ್ದರು. ಹೋಮಕುಂಡದಿಂದ ಅಲ್ಲಿಗೆ ಇಡೀ ನೆಂಟರ ಸಮೂಹವನ್ನು ದಾಟಿಕೊಂಡು ಹೋಗಬೇಕು.

ಅಕ್ಕ ಏಳಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ರೇಷ್ಮೆ ಸೀರೆಯಲ್ಲಿ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದಳು. ಎಲ್ಲರಿಗೂ ಆಶ್ಚರ್ಯ. ಊಟದ ಪಂಕ್ತಿಯಲ್ಲಿ ಅತ್ತೆ, "ಹೊಸ ಮನೆ ಕಾಲ್ಗುಣ, ನಿಂತೇ ಹೋಯ್ತು ನೋಡಿ" ಅಂದರು. ಏನು ನಿಂತಿತು ಎಂದು ಯಾರೂ ಕೇಳಲಿಲ್ಲ. ಊರಿಗೆಲ್ಲ ಗೊತ್ತಿತ್ತು.

ಮಾರನೆಯ ಬೆಳಗ್ಗೆ ಸ್ಯಾಂಪಲ್ ಕೊಡುವ ದಿನ. ನಾನು ಅಲ್ಲೇ ಉಳಿದಿದ್ದೆ. ನನ್ನ ಡಬ್ಬಿ ಪೆಟ್ಟಿಗೆ ಸೇರಿತ್ತು. ಅಕ್ಕ ಹೊಸ ಮನೆಯ ನಡುಮನೆಯಲ್ಲಿ ಗೋಡೆಗೆ ಒರಗಿಕೊಂಡು ಕೂತಿದ್ದಳು.

"ಇವತ್ತು ಇಲ್ಲ ಕಣೋ" ಅಂದಳು. "ನಿನ್ನೆಯಿಂದಾನೇ ಇಲ್ಲ. ಒಂದ್ ಹೂಸೂ ಇಲ್ಲ."

"ಹೊಟ್ಟೆ ಯಾಕೆ ಹಾಗಿದೆ?"

"ಗ್ಯಾಸು. ನಿನ್ನೆ ಒಬ್ಬಟ್ಟು ತಿಂದೆ."

ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಭಾವನ ಚಿಕ್ಕಮ್ಮ ಬಾಯಿ ಹಾಕಿದರು. "ಗ್ಯಾಸೋ, ಬೇರೆ ಏನಾದ್ರೂ ವಿಶೇಷಾನೋ! ಹೊಸ ಮನೆ ಅಲ್ವೇನಮ್ಮಾ." ಎಲ್ಲರೂ ನಕ್ಕರು. ಅಕ್ಕನೂ ನಗಲು ಹೋಗಿ ಅರ್ಧಕ್ಕೆ ಬಿಟ್ಟಳು. ಅವಳ ಮುಖ ಹೊಗೆ ಹಿಡಿದ ಬೆಳ್ಳಿಯ ಬಣ್ಣಕ್ಕೆ ತಿರುಗಿತ್ತು. ಕೈ ಮುಟ್ಟಿದರೆ ಸುಡುತ್ತಿತ್ತು.

ನನಗೆ ಆಗಲೂ ಗಾಬರಿಯಾಗಲಿಲ್ಲ. ಬೆಂಗಳೂರಿನ ಹುಡುಗನಿಗೆ ಸುಮ್ಮನೆ ಪೆಟ್ರೋಲ್ ಖರ್ಚು ಎಂದುಕೊಂಡು, ಸಿಗ್ನಲ್ ಸಿಗುವ ನೀರಿನ ತೊಟ್ಟಿಯ ಹತ್ತಿರ ಹೋಗಿ ಸಂಶೋಧಕಿಗೆ ಫೋನ್ ಮಾಡಿದೆ.

"ಮೇಡಂ, ಇವತ್ತು ಒಂದೇ ಸ್ಯಾಂಪಲ್. ಅಕ್ಕಂದು ಇಲ್ಲ. ಪೂರ್ತಿ ನಿಂತಿದೆ, ಒಳ್ಳೇದಾಯ್ತು."

ಆಚೆ ಕಡೆಯಿಂದ ಅವರು, "ಜ್ವರ ಇದೆಯಾ? ಹೊಟ್ಟೆ ಉಬ್ಬಿದೆಯಾ?" ಎಂದು ಕೇಳಿದರು. ಎರಡಕ್ಕೂ ಹೌದು ಅಂದೆ. "ಭೇದಿ ನಿಲ್ಲೋಕೆ ಏನಾದ್ರೂ ಮಾತ್ರೆ ತಗೊಂಡ್ರಾ? ಕೇಳ್ಕೊಂಡು ಬನ್ನಿ. ಹಾಗೇ ಹೊಟ್ಟೆ ಮೇಲೆ ಬೆರಳಲ್ಲಿ ಮೆಲ್ಲಗೆ ತಟ್ಟಿ ನೋಡಿ. ನಾನು ಲೈನಲ್ಲೇ ಇರ್ತೀನಿ."

ಫೋನನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋಗಿ ಕೇಳಿದೆ. ಅಕ್ಕ ಸೊಂಟದಿಂದ ಖಾಲಿಯಾದ ಮಾತ್ರೆ ಪಟ್ಟಿ ತೆಗೆದು ತೋರಿಸಿದಳು. "ಬಸ್ಸಲ್ಲಿ ದೂರ ಹೋಗೋರು ತಗೊಳ್ತಾರಲ್ಲ, ಅದೇ. ಎಲ್ಲರ ಮುಂದೆ ಎದ್ದು ಓಡ್ಲಾ ಮತ್ತೆ?" ಹೊಟ್ಟೆ ತಟ್ಟಿದೆ. ಕಾಸಿದ ತಮಟೆಯ ಸದ್ದು ಬಂತು. ಆ ಸದ್ದು ಈಗಲೂ ಬರುತ್ತದೆ, ಮೇಜಿನ ಮೇಲೆ ಯಾರಾದರೂ ಸುಮ್ಮನೆ ಬೆರಳು ಕುಟ್ಟಿದರೆ ಸಾಕು.

ತೊಟ್ಟಿಯ ಹತ್ತಿರ ಓಡಿಬಂದು ಹೇಳಿದೆ. ಸಂಶೋಧಕಿ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. "ವಾಸಿಯಾಗಿ ನಿಂತಿರೋದಲ್ಲ. ಆ ಮಾತ್ರೆಗೆ ಕರುಳು ಸೋತು, ಗಾಳಿ ತುಂಬಿ ಹಿಗ್ಗಿದೆ. ಒಡೆದ್ರೆ ಉಳಿಯೋದು ಕಷ್ಟ. ಬಾಯಿಗೆ ಏನೂ ಹಾಕ್ಬೇಡಿ. ಈಗಲೇ ಕೋಲಾರಕ್ಕೆ ಕರ್ಕೊಂಡು ಹೋಗಿ, ನಾನು ಆಸ್ಪತ್ರೆಗೆ ಹೇಳಿರ್ತೀನಿ."

ವಾಪಸ್ಸು ಬಂದರೆ ಅತ್ತೆ ಅಕ್ಕನ ಗದ್ದ ಹಿಡಿದುಕೊಂಡು ಲೋಟ ಎತ್ತಿದ್ದಾರೆ. ಲೋಟದಲ್ಲಿ ಹರಳೆಣ್ಣೆ.

"ಅತ್ತೇ, ಬೇಡ!"

"ಏಮಯ್ಯಾ, ಹಿಂಗ್ ಕಿರುಚ್ತೀಯ? ಒಂದ್ ಲೋಟ ಇಳಿದ್ರೆ ಎಲ್ಲಾ ಸಲೀಸಾಗತ್ತೆ."

ನಾನು ಲೋಟ ಕಿತ್ತುಕೊಂಡೆ. ಹೊಸ ನೆಲದ ಮೇಲೆ ಎಣ್ಣೆ ಚೆಲ್ಲಿತು. ಅತ್ತೆ ನೋಡಿದ್ದು ನೆಲವನ್ನು.

ಮನೆಯಲ್ಲಿದ್ದ ವಾಹನ ಒಂದೇ, ಭಾವನ ವ್ಯಾನು. ಅದರ ತುಂಬ ಮಂಡಿಗೆ ಹೊರಟಿದ್ದ ಬಾದಾಮಿ ಮಾವಿನ ಕ್ರೇಟುಗಳು, ಒಂದು ಮೂಲೆಯಲ್ಲಿ ನನ್ನ ಥರ್ಮೊಕೋಲ್ ಪೆಟ್ಟಿಗೆ. ಭಾವ ಒಳ್ಳೆಯ ಮನುಷ್ಯ, ಹೆಂಡತಿಯ ಮೇಲೆ ಪ್ರಾಣ. ಆದರೆ ಕೈಗಳಿಗೆ ಬೇರೆ ಅಭ್ಯಾಸವಾಗಿಬಿಟ್ಟಿತ್ತು. ಒಂದೊಂದೇ ಕ್ರೇಟನ್ನು ಮಗುವನ್ನು ಮಲಗಿಸುವಂತೆ ನೆರಳಿಗೆ ಇಳಿಸತೊಡಗಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ಹಣ್ಣು ಜಜ್ಜದ ಹಾಗೆ ಹುಷಾರಾಗಿ ಕೆಲಸ ಮಾಡುತ್ತಿತ್ತು.

"ಭಾವ, ಎತ್ತಿ ಎಸೀರಿ!"

"ಎಸೀತಿದೀನಲ್ಲೋ" ಅಂದರು ಭಾವ, ಇನ್ನೊಂದನ್ನು ಮೆತ್ತಗೆ ಇಳಿಸುತ್ತ.

ಅಕ್ಕನನ್ನು ಹಾಸಿಗೆ ಸಮೇತ ವ್ಯಾನಿನಲ್ಲಿ ಮಲಗಿಸಿದೆವು. ಶ್ರೀನಿವಾಸಪುರ ಮುಟ್ಟಿದಾಗ ಮಂಡಿಯ ಮುಂದೆ ಟ್ರಾಕ್ಟರುಗಳ ಸಾಲು. ಸುಗ್ಗಿಯಲ್ಲಿ ಅಲ್ಲಿ ಮನುಷ್ಯರಿಗಿಂತ ತೋತಾಪುರಿಗೆ ದಾರಿ ಹೆಚ್ಚು. ಹರಾಜಿಗೆ ಮೊದಲು ಹಣ್ಣು ನೋಡುವ ಮಂಡಿಯವನೊಬ್ಬ ಭಾವನನ್ನು ಗುರುತಿಸಿ ಕಿಟಕಿಗೆ ಬಂದು, "ಏನ್ಲಾ, ಸ್ಯಾಂಪಲ್ ತಂದ್ಯಾ?" ಎಂದ. ಭಾವ ಹಿಂದಕ್ಕೆ ಕೈ ತೋರಿಸಿದರು. ಅವನು ಒಳಗೆ ಇಣುಕಿದ. ಅಕ್ಕನನ್ನು ಕಂಡ. ಮರುಕ್ಷಣ ಟ್ರಾಕ್ಟರುಗಳ ಮುಂದೆ ನಿಂತು ತೆಲುಗಿನಲ್ಲಿ ಎಲ್ಲರ ವಂಶವನ್ನೂ ಬೈಯುತ್ತ ದಾರಿ ಬಿಡಿಸಿದ.

ಆಮೇಲೆ ರಸ್ತೆಯ ಉಬ್ಬುಗಳು. ಪ್ರತಿ ಉಬ್ಬಿಗೂ ಭಾವ ವ್ಯಾನನ್ನು ನಿಲ್ಲಿಸಿಯೇಬಿಟ್ಟಂತೆ ಮಾಡಿ, ಒಂದು ಚಕ್ರ, ಆಮೇಲೆ ಇನ್ನೊಂದು ಚಕ್ರ ಇಳಿಸುತ್ತಿದ್ದರು. ಆಗ ಮಾತ್ರ ಮಾವು ಸಾಗಿಸಿದ ಅಭ್ಯಾಸ ಕೆಲಸಕ್ಕೆ ಬಂತು.

ದಾರಿಯಲ್ಲಿ ಅಕ್ಕನಿಗೆ ಗೊತ್ತಿದ್ದ ಶೌಚಾಲಯಗಳು ಒಂದೊಂದಾಗಿ ಹಿಂದೆ ಹೋದವು. ಪೆಟ್ರೋಲ್ ಬಂಕು, ಅದರಾಚೆಗಿನ ಹೋಟೆಲು, ಛತ್ರ. ಇಷ್ಟು ವರ್ಷಗಳಲ್ಲಿ ಆ ರಸ್ತೆಯಲ್ಲಿ ಒಂದು ಕಡೆಯಾದರೂ ನಿಲ್ಲಿಸದೆ ನಾವು ಕೋಲಾರ ಮುಟ್ಟಿದ್ದಿಲ್ಲ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಿಲ್ಲಿಸು ಅನ್ನಲಿ ಎಂದು ನಾನು ಕಾಯುತ್ತಿದ್ದೆ. ಅವಳು ಅನ್ನಲಿಲ್ಲ. ಭಯ ಎಂದರೆ ಏನೆಂದು ನನಗೆ ಗೊತ್ತಾದದ್ದು ಆ ಛತ್ರ ದಾಟಿದಾಗ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಕರುಳು ಸೈಕಲ್ ಟ್ಯೂಬಿನ ಹಾಗೆ ಉಬ್ಬಿತ್ತು. ಇನ್ನೂ ತೂತು ಬಿದ್ದಿಲ್ಲ, ಆದರೆ ಕಾಯುವ ಹಾಗಿಲ್ಲ, ದೊಡ್ಡ ಕರುಳನ್ನು ತೆಗೆಯಬೇಕು ಅಂದರು ಸರ್ಜನ್. ರಕ್ತ, ಡ್ರಿಪ್ಪು ಎಂದು ಅವರು ಅಣಿಯಾಗುತ್ತಿದ್ದಾಗ ಸಂಶೋಧಕಿ ಬೆಂಗಳೂರಿನಿಂದ ಬಂದು ಮುಟ್ಟಿದರು. ಅಕ್ಕನ ಕೈ ಹಿಡಿದುಕೊಂಡು, "ಇದನ್ನ ಈ ಹೊತ್ತಲ್ಲಿ ಕೇಳಬಾರದು. ಬೇಡ ಅಂದ್ರೂ ಏನೂ ತೊಂದ್ರೆ ಇಲ್ಲ. ತೆಗೆದ ಕರುಳಿನ ಒಂದು ಚೂರು ಸಂಶೋಧನೆಗೆ..." ಅಂದರು.

ಅಕ್ಕನ ಮೂಗಿನಲ್ಲಿ ಕೊಳವೆ ಇತ್ತು. "ತಗೊಳ್ಳಿ ಮೇಡಂ" ಅಂದಳು. "ನಂಗಂತೂ ಉಪಯೋಗಕ್ಕೆ ಬರ್ಲಿಲ್ಲ."

ಸಂಶೋಧಕಿ ನನ್ನ ಥರ್ಮೊಕೋಲ್ ಪೆಟ್ಟಿಗೆ ಕೇಳಿದರು. ತಾವು ತಂದದ್ದರ ಜೊತೆಗೆ ಇನ್ನೂ ಸ್ವಲ್ಪ ಐಸ್ ಬೇಕಾಗಿತ್ತು. ವ್ಯಾನಿನಿಂದ ತಂದು ತೆರೆದರೆ ಒಳಗೆ, ನನ್ನ ಡಬ್ಬಿಯ ಸುತ್ತ, ಚೆನ್ನಾಗಿ ಕಳಿತ ಬಾದಾಮಿ ಹಣ್ಣುಗಳು. ಕ್ರೇಟಿನಲ್ಲಿಟ್ಟರೆ ಜಜ್ಜಿಹೋಗುತ್ತವೆ ಎಂದು ಭಾವ ಇಳಿಸುವಾಗ ಅದರಲ್ಲಿ ಜೋಡಿಸಿದ್ದರು. ಹಾಗೆ ಜೋಡಿಸಿದ್ದು ಅವರಿಗೂ ನೆನಪಿಲ್ಲ. ಆ ಹಣ್ಣುಗಳನ್ನು ಯಾರೂ ತಿನ್ನಲಿಲ್ಲ.

ಅಕ್ಕ ಉಳಿದಳು. ಈಗ ಅವಳ ಹೊಟ್ಟೆಯ ಪಕ್ಕದಲ್ಲಿ ಒಂದು ಚೀಲ ಇದೆ. ಸಣ್ಣ ಕರುಳು ಅದಕ್ಕೇ ಬಂದು ಸೇರುತ್ತದೆ. ಮೊದಲ ತಿಂಗಳು ಅತ್ತೆ ಅದನ್ನು ನೋಡಲು ಒಪ್ಪಲಿಲ್ಲ. ಈಗ ಅದಕ್ಕೆ ಹಳೆಯ ಸೀರೆಯಲ್ಲಿ ಗವಸು ಹೊಲಿದುಕೊಡುತ್ತಾರೆ, ಹಬ್ಬಕ್ಕೆ ರೇಷ್ಮೆಯದು. ಯಲ್ದೂರಿನ ಹೆಂಗಸಿಗೆ ರವಿಕೆಯ ಗಿರಾಕಿ ತಪ್ಪಿತು. ನಾಯಿ ಮಾತು ಕೇಳುವುದಿಲ್ಲವೋ, ಕರೆಯುವವರೇ ಇಲ್ಲವೋ, ಸಂಶೋಧಕಿಗೆ ಇನ್ನೂ ಖಚಿತವಾಗಿಲ್ಲ. ನನ್ನ ಡಬ್ಬಿ ಈಗಲೂ ಹೋಗುತ್ತದೆ.

ನಾನು ದಿನಾ ಬೆಳಗ್ಗೆ ಕಾಲೇಜಿಗೆ ಹೊರಡುವ ಮೊದಲು ಅಕ್ಕನಿಗೆ ಫೋನ್ ಮಾಡುತ್ತೇನೆ. ಮಾವಿನ ರೇಟು ಕೇಳುತ್ತೇನೆ. ಸುಗ್ಗಿಯಿಲ್ಲದ ತಿಂಗಳುಗಳಲ್ಲೂ ಕೇಳುತ್ತೇನೆ. ಅವಳು ನನ್ನ ಮಾತು ಮುಗಿಯುವವರೆಗೆ ಕಾಯುತ್ತಾಳೆ.

"ಬೆಳಗ್ಗೇನೇ ಚೀಲ ತುಂಬಿದೆ ಕಣೋ" ಅನ್ನುತ್ತಾಳೆ. "ಹೋಗು, ಪಾಠ ಮಾಡು."