ಬೆಂಡೆಯ ಸಾಲು ನನ್ನದಲ್ಲ

ಚಿಗವ್ವಾ, ಹತ್ತಿಯ ಕಾಯಿಕೊರಕ ಹುಳವನ್ನು ಸೋಲಿಸಿದವನು ನಾನಲ್ಲ. ರುಮಾಲು ಸುತ್ತಿಸಿಕೊಂಡ ತಲೆ ನನ್ನದು — ಬುದ್ಧಿ ನಿನ್ನದು. ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ; ನನ್ನಂಥ ಬಾಯಿಬಡುಕ.

ಮೋರಟಗಿಯ ನಮ್ಮ ಹೊಲದಲ್ಲಿ ಹತ್ತಿಯ ನಡುನಡುವೆ ನೀನು ಅಕ್ಕಡಿ ಸಾಲು ಬಿತ್ತುತ್ತಿದ್ದೆ, ಉಡಿಯಲ್ಲಿ ಬೆಂಡೆಬೀಜ ಕಟ್ಟಿಕೊಂಡು. ಬೆಂಡೆಯೇ ಹುಳ ಕರೆತರುತ್ತದೆ, ಎಲ್ಲ ಕಿತ್ತುಹಾಕು ಎಂದು ಕಾಕಾ ನನಗೆ ಹೇಳಿದ. ಎರಡು ಗಿಡ ಕಿತ್ತು ದಣಿದು, ಬೇವಿನ ನೆರಳಲ್ಲಿ ಮಲಗಿದೆ. ಎದ್ದಾಗ ಇರುವೆಗಳು ನನ್ನ ಬುತ್ತಿಯ ರೊಟ್ಟಿಯನ್ನು ಮೆರವಣಿಗೆಯಲ್ಲಿ ಒಯ್ಯುತ್ತಿದ್ದವು. ಒಕ್ಕಲುತನಕ್ಕೆ ನನ್ನ ಸೇವೆ ಅಷ್ಟೇ.

ಆ ವರ್ಷ ಸುತ್ತಲಿನವರು ಎಷ್ಟು ಔಷಧದ ಪುಡಿ ಉದುರಿಸಿದರೂ ಹತ್ತಿಕಾಯಿಗಳಿಗೆ ತೂತು ಬಿದ್ದವು. ನಮ್ಮ ಹೊಲದ ಹುಳ ಬೆಂಡೆಯಲ್ಲೇ ಬೀಡುಬಿಟ್ಟಿತ್ತು. ಹತ್ತಿ ಬೆಳ್ಳಗೆ ಅರಳಿತು. ನೋಡಲು ಬಂದ ಗ್ರಾಮಸೇವಕರು, ಬೆಂಡೆಯ ಉಪಾಯ ಯಾರದು ಎಂದು ಕೇಳಿದರು. ನೀನು ಪಕ್ಕದಲ್ಲೇ ಬುಟ್ಟಿ ಹಿಡಿದು ನಿಂತಿದ್ದೆ.

"ನಂದರಿ," ಎಂದೆ.

ನೀನು ಸೆರಗು ಬಾಯಿಗೆ ಒತ್ತಿಕೊಂಡದ್ದು ಓರೆಗಣ್ಣಿಗೆ ಬಿತ್ತು. ನಕ್ಕೆಯೋ, ಇಲ್ಲಾ — ನಾನು ತಿರುಗಿ ನೋಡಲಿಲ್ಲ.

ಮರುವರ್ಷ ನಿನ್ನ ತವರು ಝಳಕಿಯವರು ನನ್ನ ಮಾತು ನಂಬಿ ಬೆಂಡೆ ಬಿತ್ತಿ, ಭಾಷಣಕ್ಕೂ ಕರೆದರು. ಅರ್ಧ ತಾಸು ಕೊರೆದೆ, ಹುಳಕ್ಕಿಂತ ಜೋರಾಗಿ. ಆಗ ನಿನ್ನ ಅಣ್ಣ ಎದ್ದು, ಬೆಂಡೆಗೆ ಹುಳ ತುಂಬಿದೆ, ಮುಂದೇನು ಎಂದ. ನಿನ್ನ ಬುಟ್ಟಿಯೊಳಗೆ ಏನಿರುತ್ತಿತ್ತು ಎಂದು ನಾನು ಒಮ್ಮೆಯೂ ಇಣುಕಿರಲಿಲ್ಲ.

"ಹಂಗ ಬಿಡ್ರಿ, ತಿಂದು ತಿಂದು ಸಾಯ್ತಾವ," ಎಂದೆ.

ಬಿಟ್ಟಿದ್ದರೆ ಆ ಊರಿನ ಹತ್ತಿಯೆಲ್ಲ — ಆದರೆ ನನ್ನ ಜೊತೆ ತವರಿಗೆ ಬಂದು ಹೆಂಗಸರ ನಡುವೆ ಕೂತಿದ್ದ ನೀನು ಎದ್ದೆ.

"ಬಿಟ್ರ ನಾಕ ದಿನದಾಗ ಹತ್ತಿಗೆ ಏರ್ತಾವಣ್ಣಾ. ದಿನಾ ಹುಳುಕ ಬೆಂಡಿಕಾಯಿ ಹರದು ಕುದಿಯೋ ನೀರಾಗ ಹಾಕ್ರಿ. ಮನ್ಯಾಗ ಇವನ ಹೇಳಿದ್ದ. ಇಲ್ಲಿ ಮಂದಿ ನೋಡಿ ಮರತಾನ."

ಎಲ್ಲರೂ ನಕ್ಕರು. ಊರಿಗೆ ಊರೇ ಕಾಯಿ ಹರಿಯಿತು, ಮನೆಮನೆಯಲ್ಲಿ ಹಂಡೆ ಕುದಿಯಿತು, ಹುಳ ಸೋತಿತು. ಆ ಸುಗ್ಗಿಯಲ್ಲಿ ಝಳಕಿಯಿಂದ ಹತ್ತಿ ತುಂಬಿದ ಚಕ್ಕಡಿಗಳು ಸಾಲುಸಾಲಾಗಿ ಹೊರಟವು. ನಿನ್ನ ಅಣ್ಣ ಮೊದಲ ಚಕ್ಕಡಿಯ ಮೇಲೆ ನಿಂತು ಕೇಕೆ ಹಾಕಿದ. ಆಮೇಲೆ ಇಳಿದು ಬಂದು ನನಗೆ ರುಮಾಲು ಸುತ್ತಿದ. ನಾನು ತಲೆ ಬಾಗಿಸಿ ಸುತ್ತಿಸಿಕೊಂಡೆ. ನನ್ನ ಮರ್ಯಾದೆ ಉಳಿಸಲು ನೀನು ಸುಳ್ಳು ಹೇಳಿದ್ದು ಗೊತ್ತಿದ್ದೂ.

ನಾಡಿದ್ದು ಝಳಕಿಯವರು ಮತ್ತೆ ಭಾಷಣಕ್ಕೆ ಕರೆದಿದ್ದಾರೆ. ಈ ಕಾಗದವನ್ನು ಅಲ್ಲಿ ಎಲ್ಲರ ಮುಂದೆ ಓದುತ್ತೇನೆ, ನಗುವವರು ನಗಲಿ. ನನಗೆಂದು ಇಟ್ಟ ಕುರ್ಚಿಯ ಮೇಲೆ ನೀನು ಕೂಡು, ಚಿಗವ್ವಾ. ಬುಟ್ಟಿ ನಾನು ಹಿಡಿಯುತ್ತೇನೆ.