ಬಟ್ಟೆ ಅಂಗಡಿಯವರ ನಾಯಿ

ದುರ್ಗಿಗುಡಿಯಲ್ಲಿ ನಮ್ಮ ಪಕ್ಕದ ಮನೆಯ ಬಟ್ಟೆ ಅಂಗಡಿಯವರು, ಸ್ವದೇಶಕ್ಕೆ ಮರಳುತ್ತಿದ್ದ ಭದ್ರಾವತಿಯ ಬಿಳಿ ಎಂಜಿನಿಯರನಿಂದ ಕರುವಿನೆತ್ತರದ ನಾಯಿಯೊಂದನ್ನು ಕೊಂಡು ತಂದರು. ಯಾರು ಕೇಳಿದರೂ ಹೆಗಲ ಮೇಲಿನ ವಲ್ಲಿ ಸರಿಪಡಿಸುತ್ತ, "ನಾಯಿ ತಾನೇ, ಎಷ್ಟು ತಿಂದೀತು?" ಎನ್ನುತ್ತಿದ್ದರು.

ಲಿಂಗಪೂಜೆಯ ಮನೆ, ಮಾಂಸ ಹೊಸಿಲು ದಾಟುವಂತಿರಲಿಲ್ಲ. ನಾಯಿ ಮನೆಮಂದಿಯ ಹಾಲು, ಮೊಸರು, ಮುದ್ದೆಯನ್ನೆಲ್ಲ ಮುಗಿಸಿತು. ಅವರು ಕಾಫಿ ಬಿಟ್ಟರು, ಆಮೇಲೆ ರಾತ್ರಿಯೂಟವನ್ನೂ ಬಿಟ್ಟರು.

ಕೊನೆಗೆ ನಾಯಿಯನ್ನು ಕೊಟ್ಟುಬಿಡುವುದೆಂದು ಮಾತಾಗಿ, ಮಲವಗೊಪ್ಪದ ಲಾರಿ ಮಾಲೀಕ ಸಾಹೇಬರೊಬ್ಬರು ಅದನ್ನು ಒಯ್ಯಲು ಬಂದರು. ಹಗ್ಗ ಹಿಡಿದು, "ಎಷ್ಟು ತಿನ್ನುತ್ತೆ ಸ್ವಾಮಿ?" ಎಂದು ಕೇಳಿದರು.

ಇವರು ವಲ್ಲಿ ಮುಟ್ಟಲಿಲ್ಲ. "ಮನೇನೇ ತಿನ್ನುತ್ತೆ ಸಾಹೇಬ್ರೆ, ನಿಮಗೆ ಬೇಡ," ಎಂದು ಹಗ್ಗ ಇಸಿದುಕೊಂಡರು.

ಸಾಹೇಬರು ಹೋದ ಮೇಲೆ ಜಗಲಿಯಲ್ಲಿ ಕೂತು ನಾಯಿಯನ್ನೇ ಕೇಳುತ್ತಿದ್ದರು: "ನಾನ್ಯಾಕೆ ಹಂಗಂದೆ ಮಾರಾಯ?"