ಅತ್ತೆಯ ಹೆಸರಿನ ಮಗು

ಹೊಸಪೇಟೆ ನಿಲ್ದಾಣದಲ್ಲಿ ಕಂಪ್ಲಿ ಬಸ್ಸಿಗೆ ಕಾಯುತ್ತಿದ್ದೆ. ನಾಲ್ಕು ವರ್ಷದ ಮಗಳು ಕಾಣುತ್ತಿಲ್ಲವೆಂದು ಹೆಂಗಸೊಬ್ಬಳು ವಿಚಾರಣೆ ಕಿಟಕಿಗೆ ಓಡಿಬಂದಳು. ಮೈಕಿನ ಮುಂದಿದ್ದ ಗುಮಾಸ್ತ ಮಗುವಿನ ಹೆಸರು ಕೇಳಿದ.

"ನಮ್ಮತ್ತಿ ಹೆಸರ್ರಿ."

"ಅದ ಏನಂತ ಹೇಳವ್ವ, ಜಲ್ದಿ."

"ತೀರಿಕೊಂಡ ಹಿರೇರು. ಅವ್ರ ಹೆಸರು ನನ್ನ ಬಾಯಿಲೆ ಹೆಂಗ ಹೇಳ್ಲಿರಿ?" ಎನ್ನುತ್ತ, ಮಗುವಿನ ಆಧಾರ್ ಕಾರ್ಡನ್ನು ಒಳಗೆ ತೂರಿಸಿದಳು.

ಅವನು ಓದಿ, "ಹುಲಿಗೆಮ್ಮ, ಎಲ್ಲಿದ್ರೂ ಬಾರವ್ವ" ಎಂದು ಮೂರು ಸಲ ಕೂಗಿದ. ಯಾರೂ ಬರಲಿಲ್ಲ.

"ಮನ್ಯಾಗ ಹಂಗ ಯಾರೂ ಕರಿಯಂಗಿಲ್ರಿ" ಎಂದವಳೇ ಕಿಟಕಿಯೊಳಗೆ ಕೈಹಾಕಿ ಮೈಕು ಎಳೆದುಕೊಂಡಳು.

"ಅತ್ತೀ! ಎಲ್ಲದೀರಿ? ಬರ್ರಿ!"

ನಿಲ್ದಾಣದಲ್ಲಿದ್ದ ಮುದುಕಿಯರೆಲ್ಲ ತಿರುಗಿ ನೋಡಿದರು. ನಾನು ಕೂತಿದ್ದ ಬೆಂಚಿನ ಹಿಂದಿನಿಂದ, ಬಾಯ್ತುಂಬ ಮಂಡಕ್ಕಿ ತುಂಬಿಕೊಂಡ ಪುಟ್ಟ ಹುಡುಗಿ ಎದ್ದು ಬಂದಳು. ಇಷ್ಟು ಹೊತ್ತೂ ನನ್ನ ಬೆನ್ನಿಗೇ ಇದ್ದಳು, ನನಗೂ ಗೊತ್ತಾಗಿರಲಿಲ್ಲ.

ತಾಯಿ ಓಡಿಬಂದು ಹೊಡೆಯಲು ಕೈಯೆತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಕೊನೆಗೆ ಅದೇ ಕೈಯಿಂದ ಮಗಳ ಬಾಯೊರೆಸಿ, "ಹಿಂಗ ಮಾಡಬ್ಯಾಡ್ರಿ, ಅತ್ತಿ" ಎಂದಳು.

"ಆತು, ನಡಿ ಇನ್ನ" ಎಂದಳು ಅತ್ತೆ.